ಬಿಟ್ಟಿ ಯಾರದು?

ಕೆಲವು ಪದಗಳು ಕಾಲ ಕಳೆದಂತೆ ಪಕ್ಷ ಬದಲಿಸುತ್ತವೆ. ‘ಬಿಟ್ಟಿ’ ಅಂಥದೊಂದು ಪದ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಇದು ಮೊದಲಿಗೆ ಕೂಲಿಯಿಲ್ಲದ ಬಲವಂತದ ದುಡಿಮೆಯ ಹೆಸರಾಗಿತ್ತು. ಹಳೆಯ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿಯೇ ಬಿಟ್ಟಿಯೂ ಬರುತ್ತದೆ. ಆಳುವವನಿಗೆ ದುಡಿಯುವವನು ಕೊಡಬೇಕಿದ್ದ ಬಾಕಿ ಅದು. ‘ಬಿಟ್ಟಿ ಚಾಕರಿ’ ಎನ್ನುವಾಗ ಆ ಅರ್ಥ ಇವತ್ತಿಗೂ ಉಳಿದಿದೆ. ಆದರೆ ಈಗ ಪತ್ರಿಕೆ, ಟೀವಿ, ಭಾಷಣಗಳಲ್ಲಿ ಓಡಾಡುತ್ತಿರುವುದು ಇನ್ನೊಂದು ಬಿಟ್ಟಿ: ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ಭಾಗ್ಯ. ಆಗ ಬಿಟ್ಟಿ ಎಂದರೆ ಬಡವರಿಂದ ಕಿತ್ತುಕೊಂಡದ್ದು, ಈಗ ಬಡವರಿಗೆ ಕೊಟ್ಟದ್ದು. ಕಿತ್ತುಕೊಂಡವರ ಮೇಲಿದ್ದ ಕಳಂಕ ಸದ್ದಿಲ್ಲದೆ ಕೊಡಿಸಿಕೊಂಡವರ ಮೇಲೆ ಬಂದು ಕುಳಿತಿದೆ.

ಉತ್ತರ ಕರ್ನಾಟಕದ ದುಡಿಮೆಯ ಪದಗಳನ್ನು ಕುರಿತು ಸಂಶೋಧನೆ ಮಾಡುತ್ತಿರುವ ನನಗೆ ಈ ಪಲ್ಲಟ ಬರಿಯ ಪದಚರಿತ್ರೆ ಎನಿಸುವುದಿಲ್ಲ. ಸರ್ಕಾರದ ರೊಕ್ಕ ಯಾರ ಕೈಗೆ ಹೋದರೆ ಯಾವ ಹೆಸರು ಪಡೆಯುತ್ತದೆ ಎಂಬುದನ್ನು ಒಂದು ಪಠ್ಯದಂತೆ ಓದಬಹುದು. ಹಾಗೆ ಓದಲು ನನ್ನೂರು ಅರಭಾವಿಯ ಸುತ್ತಲಿನ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಣಶ್ಯಾಳ ಪಿ.ಜಿ.ಯ ಸತೀಶ ಶುಗರ್ಸ್, ಕೊಳವಿಯ ಗೋಕಾಕ ಶುಗರ್ಸ್, ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಇವೆ. ಹಿಡಕಲ್ ಅಣೆಕಟ್ಟಿನ ನೀರು ಕಾಲುವೆಯಲ್ಲಿ ಬಂದು ಕಬ್ಬಾಗುತ್ತದೆ, ಕಬ್ಬು ಸಕ್ಕರೆಯಾಗುತ್ತದೆ, ಸಕ್ಕರೆ ಅಧಿಕಾರವಾಗುತ್ತದೆ. ಪಕ್ಷ ಯಾವುದೇ ಇರಲಿ, ಕಾರ್ಖಾನೆ ನಡೆಸುವವರೂ ವಿಧಾನಸಭೆಯಲ್ಲಿ ಕೂರುವವರೂ ಒಂದೇ ಮನೆತನಗಳವರಾಗಿರುವುದು ನಮ್ಮ ಜಿಲ್ಲೆಯಲ್ಲಿ ಸುದ್ದಿಯೇ ಅಲ್ಲ.

ಮುಳುಗುವ ಉದ್ದಿಮೆಯನ್ನು ಸರ್ಕಾರ ಎತ್ತಿ ನಿಲ್ಲಿಸುವುದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಪದಗಳಿವೆ ನೋಡಿ: ಪುನಶ್ಚೇತನ, ಉತ್ತೇಜನ, ಪ್ರೋತ್ಸಾಹಧನ, ವಿಶೇಷ ಪ್ಯಾಕೇಜ್. ಸಕ್ಕರೆ ಉದ್ದಿಮೆ ಈ ಎಲ್ಲ ಪದಗಳನ್ನೂ ಕಂಡಿದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಗಳಿಗೆ ಸುಮಾರು 6,600 ಕೋಟಿ ರೂಪಾಯಿ ಬಡ್ಡಿರಹಿತ ಸಾಲದ ಯೋಜನೆ ತಂದಿತು. ಸರ್ಕಾರ ಬದಲಾಯಿತು. 2015ರಲ್ಲಿ ಮತ್ತೆ 6,000 ಕೋಟಿಯ ಸುಲಭ ಸಾಲ ಬಂತು. 2018ರಲ್ಲಿ ದೇಶದಾದ್ಯಂತ ರೈತರ ಬಾಕಿ 22,000 ಕೋಟಿ ದಾಟಿದಾಗ ಇನ್ನೊಂದು ಪ್ಯಾಕೇಜ್ ಬಂತು: 30 ಲಕ್ಷ ಟನ್ ಸಕ್ಕರೆಯ ಕಾಪು ದಾಸ್ತಾನು, ಎಥೆನಾಲ್ ಘಟಕಗಳಿಗೆ ಬಡ್ಡಿ ರಿಯಾಯಿತಿ, ಸಕ್ಕರೆಗೆ ಕಿಲೋಗೆ 29 ರೂಪಾಯಿಯ ಕನಿಷ್ಠ ಮಾರಾಟ ದರ. ಮರುವರ್ಷ ಆ ದರ 31 ರೂಪಾಯಿ ಆಯಿತು. 2019ರ ಆಗಸ್ಟ್‌ನಲ್ಲಿ ರಫ್ತಾಗುವ ಪ್ರತಿ ಟನ್ ಸಕ್ಕರೆಗೆ 10,448 ರೂಪಾಯಿ ಸಹಾಯಧನ, ಒಟ್ಟು 6,268 ಕೋಟಿ. 2023ರ ಬಜೆಟ್ಟಿನಲ್ಲಿ ಸಹಕಾರಿ ಕಾರ್ಖಾನೆಗಳ ಹಳೆಯ ಆದಾಯ ತೆರಿಗೆ ತಕರಾರನ್ನು ಬಗೆಹರಿಸಿ ಸುಮಾರು 10,000 ಕೋಟಿಯ ನಿರಾಳ.

ಇವೆಲ್ಲ ತಪ್ಪು ಎನ್ನುವುದು ನನ್ನ ವಾದವಲ್ಲ. ಕಾರ್ಖಾನೆಯ ಚಿಮಣಿ ತಣ್ಣಗಾದರೆ ಮೊದಲು ಉಪವಾಸ ಬೀಳುವವರು ಮಾಲೀಕರಲ್ಲ. ಹೊಲದಲ್ಲಿ ಕಬ್ಬು ಒಣಗುತ್ತದೆ, ಟ್ರ್ಯಾಕ್ಟರಿನ ಕಂತು ನಿಲ್ಲುತ್ತದೆ, ಕಾರ್ಖಾನೆಯೊಳಗಿನ ಹಂಗಾಮಿ ಕೆಲಸಗಾರ ಮನೆಗೆ ಬರುತ್ತಾನೆ. ನನ್ನ ತಕರಾರು ಬೇರೆ. ಈ ನೆರವಿನಲ್ಲಿ ಒಂದನ್ನಾದರೂ ಯಾರಾದರೂ ‘ಬಿಟ್ಟಿ’ ಎಂದು ಕರೆದದ್ದು ಕೇಳಿದ್ದೀರಾ? ಇಷ್ಟು ಸಲ ಎತ್ತಿ ಕೂರಿಸಿದರೆ ಕಾರ್ಖಾನೆಗಳು ಮೈಗಳ್ಳ ಆಗುತ್ತವೆ ಎಂದು ಯಾವ ಮಂತ್ರಿ ಚಿಂತೆಪಟ್ಟಿದ್ದಾರೆ? ಅದೇ 2013ರಲ್ಲಿ ಅನ್ನಭಾಗ್ಯ ಬಂದಾಗಿನಿಂದ ನಮ್ಮ ಊರಿನ ಚಹಾದಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ: “ಅಕ್ಕಿ ಪುಗಸಟ್ಟೆ ಕೊಟ್ಟು ಮಂದೀನ್ನ ಮೈಗಳ್ಳ ಮಾಡ್ಯಾರ, ಹೊಲಕ್ಕ ಆಳ ಬರವಲ್ರು.” 2022ರ ಜುಲೈನಲ್ಲಿ ಪ್ರಧಾನಿ ಇಂಥ ಯೋಜನೆಗಳಿಗೆ ‘ರೇವಡಿ’ ಎಂಬ ಹೆಸರಿಟ್ಟರು. ಆ ಟೀಕೆಗೆ ತುತ್ತಾದ ಪಕ್ಷ ಕರ್ನಾಟಕದಲ್ಲಿ ಅಧಿಕಾರಕ್ಕೆ ಬಂದು ಗ್ಯಾರಂಟಿಗಳನ್ನು ಜಾರಿಗೆ ತಂದಿತು, ಸರಿ. ಆದರೆ ಕಬ್ಬಿನ ಮಾತು ಬಂದಾಗ ಅದರ ನಾಲಿಗೆಯೂ ಬೇರೆಯಾಗಿ ಹೊರಳಲಿಲ್ಲ. ಅದಕ್ಕೆ ಸಾಕ್ಷಿ ನಮ್ಮದೇ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್.

2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ರೈತರು ಆ ಕ್ರಾಸಿನಲ್ಲಿ ಹಗಲುರಾತ್ರಿ ಕುಳಿತರು. ಟನ್ನಿಗೆ 3,500 ರೂಪಾಯಿ ಅವರ ಬೇಡಿಕೆ. ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ ಆ ಹಂಗಾಮಿಗೆ ಶೇ 10.25 ಇಳುವರಿಗೆ ಟನ್ನಿಗೆ 3,550 ಇತ್ತು. ಆದರೆ ಅದು ಕಾರ್ಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಾಣಿಕೆಯ ವೆಚ್ಚ ಮುರಿದುಕೊಂಡ ಮೇಲೆ ರೈತನ ಕೈಗೆ ಬರುವುದು ಬೇರೆ ಲೆಕ್ಕ. ಆದ್ದರಿಂದ ಆ ವೆಚ್ಚ ಬಿಟ್ಟು ಕೈಗೆ 3,500 ಬರಬೇಕು ಎಂಬುದು ಹೋರಾಟದ ತಿರುಳಾಗಿತ್ತು. ನವೆಂಬರ್ 7ರಂದು ಮುಖ್ಯಮಂತ್ರಿ ನಡೆಸಿದ ಮಾತುಕತೆಯಲ್ಲಿ 3,300ಕ್ಕೆ ಒಪ್ಪಂದವಾಯಿತು. 3,200ರ ಮೇಲಿನ ನೂರು ರೂಪಾಯಿಯಲ್ಲಿ 50 ಕಾರ್ಖಾನೆಯದು, 50 ಸರ್ಕಾರದ್ದು. ಕಬ್ಬಿನ ದರದ ಜಗಳದಲ್ಲಿ ಅರ್ಧ ಗಂಟನ್ನು ಬೊಕ್ಕಸ ಹೊತ್ತುಕೊಂಡಿತು.

ಈ ಗೆಲುವು ಸಣ್ಣದಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದರೂ ತನ್ನ ಬಾಕಿಗಾಗಿ ರೈತ ಪ್ರತಿ ಸಲ ರಸ್ತೆಗೆ ಬರಬೇಕು. ಆದರೆ ಆ ಒಪ್ಪಂದವನ್ನು ಓದುವಾಗ ನನಗೆ ಕಂಡದ್ದು ಖಾಲಿ ಕುರ್ಚಿ. ಮಾತುಕತೆಯಲ್ಲಿ ರೈತನ ಹೆಸರಿತ್ತು, ಕಾರ್ಖಾನೆಯ ಹೆಸರಿತ್ತು, ಸರ್ಕಾರದ ಹೆಸರಿತ್ತು. ಕಬ್ಬು ಕಡಿಯುವವರ ಹೆಸರು ಮಾತ್ರ ‘ವೆಚ್ಚ ಹೊರತುಪಡಿಸಿ’ ಎಂಬ ಮಾತಿನ ಒಳಗೆ ಕರಗಿ ಹೋಗಿತ್ತು. ನಮ್ಮ ಮನೆಗೆ ಬರುವ ಕಬ್ಬಿನ ಬಿಲ್ಲಿನಲ್ಲಿಯೂ ಹಾಗೆಯೇ: ತೂಕಕ್ಕೆ ಒಂದು ಅಂಕಣ, ದರಕ್ಕೆ ಒಂದು, ಆಮೇಲೆ ವಜಾ. ಆ ವಜಾದೊಳಗೆ ಡೀಸೆಲ್ಲೂ ಇದೆ, ಮನುಷ್ಯರೂ ಇದ್ದಾರೆ.

ಯಾರು ಅವರು? ಹಂಗಾಮು ಶುರುವಾಗುತ್ತಿದ್ದಂತೆ ಮರಾಠವಾಡದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ, ಕಲಬುರಗಿ ಕಡೆಯ ತಾಂಡಾಗಳಿಂದ ಬರುವ ಗ್ಯಾಂಗುಗಳು. ಮಳೆಗಾಲದಲ್ಲಿಯೇ ಮುಕಾದಮ ಊರಿಗೆ ಬಂದು ಮುಂಗಡ ಕೊಟ್ಟು ಹೋಗಿರುತ್ತಾನೆ. ಅದು ಸಂಬಳವಲ್ಲ, ಸಾಲ. ಹಂಗಾಮು ಮುಗಿಯುವವರೆಗೆ ಕಡಿದು ತೀರಿಸಬೇಕು, ತೀರದಿದ್ದರೆ ಮುಂದಿನ ವರ್ಷಕ್ಕೆ ಹೊತ್ತುಕೊಂಡು ಹೋಗಬೇಕು. ಮಹಾರಾಷ್ಟ್ರದ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಲೆಕ್ಕ, ಅದಕ್ಕೆ ‘ಕೋಯ್ತಾ’ ಎನ್ನುತ್ತಾರೆ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು ಸೇರಿ ಒಂದು ಕತ್ತಿ! ಒಂದು ದಿನ ಬಾರದಿದ್ದರೆ ದಂಡ. ಮುಟ್ಟಿನ ದಿನಗಳಿಗೂ ರಜೆಯಿಲ್ಲ. 2019ರಲ್ಲಿ ಬೀಡ್ ಜಿಲ್ಲೆಯ ಸುಮಾರು 82,000 ಕಬ್ಬು ಕಡಿಯುವ ಮಹಿಳೆಯರ ಸಮೀಕ್ಷೆಯಲ್ಲಿ 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡದ್ದು ಬೆಳಕಿಗೆ ಬಂತು. ಕೂಲಿಯಿಲ್ಲದ ದಿನವೊಂದರ ಭಯ ದೇಹದ ಒಳಗಿನವರೆಗೆ ಇಳಿದಿತ್ತು. ರವದಿ ಹೊದಿಸಿದ ಜೋಪಡಿಯ ಮುಂದೆ ನಸುಕಿನಲ್ಲಿ ರೊಟ್ಟಿ ಬಡಿಯುವ, ಆಮೇಲೆ ಸಂಜೆಯವರೆಗೆ ಹೊರೆ ಹೊತ್ತು ಟ್ರಾಲಿ ಏರುವ ಈ ಹೆಂಗಸರನ್ನು ನಮ್ಮ ರಸ್ತೆಗಳಲ್ಲಿ ಎಲ್ಲರೂ ನೋಡುತ್ತೇವೆ. ಯಾವ ಪ್ಯಾಕೇಜಿನಲ್ಲಿ ಅವರು ಬರುತ್ತಾರೆ? ಕಟಾವು ಯಂತ್ರ ಕೊಳ್ಳುವವರಿಗೆ ಸಬ್ಸಿಡಿ ಇದೆ. ಕಟಾವು ಮಾಡುವ ಕೈಗಿಲ್ಲ.

ದುಡಿಯುವವರ ಹೆಸರಿನಲ್ಲಿ ಕೊಡುವುದು, ಅವರನ್ನು ಕೇಳದಿರುವುದು: ಈ ಎರಡು ನಾಲಿಗೆಯನ್ನು ಕರ್ನಾಟಕ ಒಂದೇ ದಿನದಲ್ಲಿ ಕಂಡದ್ದು 2020ರ ಮೇ 6ರಂದು. ಲಾಕ್‌ಡೌನಿನಲ್ಲಿ ಬೆಂಗಳೂರಿನ ವಲಸೆ ಕಾರ್ಮಿಕರು ಊರಿಗೆ ಹೋಗಲು ಶ್ರಮಿಕ ರೈಲುಗಳು ಆಗಷ್ಟೇ ಶುರುವಾಗಿದ್ದವು. ಹಿಂದಿನ ದಿನ ಮುಖ್ಯಮಂತ್ರಿ ಯಡಿಯೂರಪ್ಪ ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಆಮೇಲೆ ಮುಂದಿನ ರೈಲುಗಳು ಬೇಡವೆಂದು ರೈಲ್ವೆಗೆ ಸರ್ಕಾರದ ಪತ್ರ ಹೋಯಿತು. ಮೇ 6ರಂದು 1,610 ಕೋಟಿಯ ನೆರವು ಘೋಷಣೆಯಾಯಿತು. ಅದರಲ್ಲಿ ಕಟ್ಟಡ ಕಾರ್ಮಿಕರಿಗೆ ಮೊದಲಿನ 2,000ದ ಜೊತೆ ಇನ್ನೂ 3,000 ರೂಪಾಯಿ. ರೊಕ್ಕ ತಗೋ, ಆದರೆ ಊರಿಗೆ ಹೋಗಬೇಡ, ಕಟ್ಟಡ ಕೆಲಸ ನಿಂತೀತು! ಟೀಕೆ ಎದ್ದ ಮೇಲೆ ಸರ್ಕಾರ ಎರಡು ದಿನದೊಳಗೆ ಹಿಂದೆ ಸರಿಯಿತು. ಅದೇ ತಿಂಗಳ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆ ದುಡಿಸಲು ಅಧಿಸೂಚನೆ ಬಂತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ರಂದು ಅದೂ ವಾಪಸಾಯಿತು. ಉದ್ದಿಮೆ ಕಷ್ಟದಲ್ಲಿದ್ದಾಗ ಬೊಕ್ಕಸ ತೆರೆಯುತ್ತದೆ. ಕಾರ್ಮಿಕ ಕಷ್ಟದಲ್ಲಿದ್ದಾಗ ಗಡಿಯಾರ ಉದ್ದವಾಗುತ್ತದೆ.

ಇದು ನಮ್ಮ ಮಣ್ಣಿನ ರೋಗವಷ್ಟೇ ಅಲ್ಲ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಅಲ್ಲಿನ ಸಂಸತ್ತು 700 ಶತಕೋಟಿ ಡಾಲರ್ ಒಪ್ಪಿತು. ಬ್ಯಾಂಕಿನ ಗುಮಾಸ್ತರ ಸಂಬಳ ಎಷ್ಟೆಂದು ಯಾರೂ ಕೇಳಲಿಲ್ಲ. ಎರಡೇ ತಿಂಗಳಲ್ಲಿ ಕಾರು ಕಾರ್ಖಾನೆಗಳು 14 ಶತಕೋಟಿ ಡಾಲರಿಗೆ ಕೈಚಾಚಿದಾಗ, ಕಾರ್ಮಿಕರು ಮೊದಲು ಕೂಲಿ ಇಳಿಸಿಕೊಳ್ಳಲಿ ಎಂದು ಕೆಲವು ಸೆನೆಟರುಗಳು ಪಟ್ಟು ಹಿಡಿದು ಮಸೂದೆಯನ್ನೇ ಬೀಳಿಸಿದರು. ಕೊನೆಗೆ ಅಧ್ಯಕ್ಷ ಬುಷ್ ಬ್ಯಾಂಕುಗಳ ನಿಧಿಯಿಂದಲೇ ಕಾರು ಕಂಪನಿಗಳಿಗೆ ಸಾಲ ಕೊಡಬೇಕಾಯಿತು. ಮರುವರ್ಷ ಸರ್ಕಾರದ ಹಣದಲ್ಲಿ ಉಸಿರಾಡುತ್ತಿದ್ದ ಎಐಜಿ ವಿಮಾ ಕಂಪನಿ ತನ್ನವರಿಗೆ 16.5 ಕೋಟಿ ಡಾಲರ್ ಬೋನಸ್ ಹಂಚಿತು. ಒಪ್ಪಂದವಾಗಿದೆ, ಮುರಿಯಲಾಗದು ಎಂಬುದು ಸಮಜಾಯಿಷಿ. ಕಾರು ಕಾರ್ಮಿಕರದ್ದೂ ಒಪ್ಪಂದವೇ ಆಗಿತ್ತು. ಅದನ್ನು ಮಾತ್ರ ಮತ್ತೆ ಬಿಚ್ಚಿ ಬರೆಯಬೇಕಿತ್ತು.

ಸಾಹಿತ್ಯದ ಓದುಗರು ಇದನ್ನೆಲ್ಲ ಅರ್ಥಶಾಸ್ತ್ರದವರಿಗೆ ಬಿಟ್ಟು ಸುಮ್ಮನಿರಬಹುದೇ? ಇದೇ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಸುಮ್ಮನಿರಲಿಲ್ಲ. ‘ಜರತಾರಿ ಜಗದ್ಗುರು’ ಕಾದಂಬರಿಯಲ್ಲಿ ಅವರು ಮಠದ ಬೂಟಾಟಿಕೆಯನ್ನು ಬಯಲಿಗೆಳೆದರು. ಆ ಹೆಸರೇ ಅರ್ಧ ವಿಮರ್ಶೆ: ವೈರಾಗ್ಯದ ಮಾತು, ಮೈಮೇಲೆ ಜರತಾರಿ. ಇವತ್ತು ಆ ಜರತಾರಿ ಇರುವುದು ಭಾಷೆಯ ಮೈಮೇಲೆ. ಪುನಶ್ಚೇತನ, ಅನ್ನದಾತ, ಶ್ರಮಿಕ, ಕಾಯಕಯೋಗಿ ಎಂಬ ಪದಗಳು ಜಯಂತಿಗಳಲ್ಲಿ ಮಿನುಗುತ್ತವೆ. ಕಾಯಕದ ಬಗ್ಗೆ ಅಷ್ಟು ಭಾಷಣ ಕೇಳಿದ ನಾಡಿನಲ್ಲಿ ಕಾಯಕದವನ ಕೂಲಿ ವಜಾದ ಅಂಕಣದಲ್ಲಿದೆ. ನಮ್ಮ ಕಥೆ, ಕವಿತೆಗಳೂ ಹೊಲದ ಒಡೆಯನ ಸಂಕಟವನ್ನು ಅರಿತಷ್ಟು ಹೊಲದಿಂದ ಹೊಲಕ್ಕೆ ಅಲೆಯುವ ಕೂಲಿಯವರ ಸಂಕಟವನ್ನು ಅರಿತಿಲ್ಲ ಎಂಬುದು ನನ್ನ ಅನಿಸಿಕೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. “ಕಡಿಯುವವರು ಬಡಪಾಯಿಗಳೇನಲ್ಲ, ಹಂಗಾಮಿನಲ್ಲಿ ಅವರೇ ರಾಜರು, ಮೇಲಿನ ರೊಕ್ಕ ಕೊಡದಿದ್ದರೆ ಕತ್ತಿ ಹಚ್ಚುವುದಿಲ್ಲ” ಎಂದು ನಮ್ಮ ರೈತರು ದೂರುತ್ತಾರೆ. ದೂರು ಸುಳ್ಳಲ್ಲ. ಕಬ್ಬು ಒಣಗುತ್ತಿರುವಾಗ ಕೈಯೊಡ್ಡುವವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಕೂಲಿ ಎಷ್ಟೆಂದು ಬಹಿರಂಗವಾಗಿ ಗೊತ್ತಿಲ್ಲದ ಕಡೆ ಮೇಲಿನ ರೊಕ್ಕ ಹುಟ್ಟುತ್ತದೆ. ಕಾರ್ಖಾನೆ ಕೊಟ್ಟ ಕಟಾವು ದರದಲ್ಲಿ ಮುಕಾದಮನದೆಷ್ಟು, ಕಡಿದವಳದೆಷ್ಟು ಎಂದು ಬಿಲ್ಲು ಹೇಳುವುದಿಲ್ಲ. ಹಾಗಾಗಿ ಒಬ್ಬ ಸಣ್ಣ ರೈತ, ಒಬ್ಬ ಕೂಲಿಯವನು ಬದುವಿನ ಮೇಲೆ ನಿಂತು ಜಗಳವಾಡುತ್ತಾರೆ. ಜಗಳದ ಕಾಗದಪತ್ರ ಬೇರೆ ಎಲ್ಲೋ ಇರುತ್ತದೆ.

ಅಸಾಧ್ಯವಾದುದನ್ನು ಯಾರೂ ಕೇಳುತ್ತಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರ ನಿಗಮಕ್ಕೆ ಕಾರ್ಖಾನೆಗಳು ನುರಿಸಿದ ಪ್ರತಿ ಟನ್ನಿಗೆ 10 ರೂಪಾಯಿ, ಸರ್ಕಾರವೂ ಅಷ್ಟೇ ಕೊಡಬೇಕೆಂಬ ತೀರ್ಮಾನವಾಗಿದೆ. ಅಲ್ಲಿನ ಜಾರಿಯಲ್ಲಿ ನೂರು ಹುಳುಕಿರಬಹುದು. ಆದರೆ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಒಂದು ಅಂಕಣವಾದರೂ ಹುಟ್ಟಿತು. ಗುರ್ಲಾಪುರದ ಒಪ್ಪಂದದಲ್ಲಿ ಸರ್ಕಾರ 50 ರೂಪಾಯಿ ಹುಡುಕಿತು. ಅದರ ಜೊತೆ ಕೆಲವು ಷರತ್ತುಗಳನ್ನೂ ಹಾಕಬಹುದಿತ್ತು: ಕಟಾವು ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯಬೇಕು, ಅದು ಗಂಡ ಹೆಂಡತಿಯ ಬೇರೆ ಬೇರೆ ಖಾತೆಗೆ ಹೋಗಬೇಕು, ಜೋಪಡಿಗಳ ಬಳಿ ಕುಡಿಯುವ ನೀರು, ಶೌಚಾಲಯ ಇರಬೇಕು, ಹಾವು ಕಚ್ಚಿದರೆ ಟ್ರಾಲಿ ಮಗುಚಿದರೆ ವಿಮೆ ಇರಬೇಕು. ವಲಸೆ ಕಾರ್ಮಿಕರಿಗೆ ವಸತಿ, ವೈದ್ಯಕೀಯ ನೆರವು ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು.

ಮುಂದಿನ ಹಂಗಾಮಿಗೂ ದರದ ಮಾತುಕತೆ ಇದ್ದೇ ಇರುತ್ತದೆ. ಕಾರ್ಖಾನೆಗಳು ಸಕ್ಕರೆಯ ಬೆಲೆ ಬಿದ್ದಿದೆ ಎನ್ನುತ್ತವೆ, ಕೇಂದ್ರ, ರಾಜ್ಯ ಸರ್ಕಾರಗಳು ಒಂದರ ಕಡೆ ಒಂದು ಬೆರಳು ತೋರುತ್ತವೆ, ಕೊನೆಗೆ ಯಾವುದೋ ಒಂದು ಪ್ಯಾಕೇಜ್ ಬರುತ್ತದೆ. ಬರಲಿ. ಅದನ್ನು ವರದಿ ಮಾಡುವವರು, ಓದುವವರು, ಸ್ವಾಗತಿಸುವವರು ಎರಡೇ ಪ್ರಶ್ನೆ ಕೇಳಿದರೂ ಸಾಕು. ಈ ರೊಕ್ಕದಲ್ಲಿ ಕಬ್ಬು ಕಡಿದವರ ಪಾಲು ಎಷ್ಟು? ಮತ್ತು ಮಾಲೀಕರಿಗೆ ಹೋದದ್ದು ಪುನಶ್ಚೇತನವಾದರೆ, ಕೂಲಿಯವಳ ಚೀಲಕ್ಕೆ ಬಿದ್ದ ಅಕ್ಕಿ ಬಿಟ್ಟಿ ಆಗುವುದು ಯಾವ ವ್ಯಾಕರಣದಿಂದ?