ಕಳೆದದ್ದು ಖಾತೆಯೋ, ಕಡತವೋ?

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ತಾಲ್ಲೂಕಿನ ಮಲಪನಗುಡಿಯ ವಿಳಾಸದಿಂದ ಬಳ್ಳಾರಿ ಹೋಗಿ ವಿಜಯನಗರ ಬಂತು. ಊರು ಮಾತ್ರ ಇದ್ದಲ್ಲೇ ಇದೆ. ಹಳೆಯ ವಿಳಾಸ ಹಿಡಿದು ಬಂದವರಿಗೆ ‘ಅಂಥ ಊರೇ ಇಲ್ಲ’ ಎಂದರೆ ಹೇಗೆ? ಆಪರೇಟಿಂಗ್ ಸಿಸ್ಟಮ್ ನವೀಕರಿಸಿದ ಮರುದಿನ ಕಂಪ್ಯೂಟರ್ ಕೆಲವೊಮ್ಮೆ ಹೀಗೆಯೇ ವರ್ತಿಸುತ್ತದೆ. ತೆರೆ ಬರಿದು, ನುಡಿಯಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆ, ಅಂಕಪಟ್ಟಿ ಯಾವುದೂ ಕಾಣುವುದಿಲ್ಲ.

ಬಳಕೆದಾರ ಖಾತೆ ಎಂಬುದು ಕಡತಗಳ ಗಂಟಲ್ಲ, ಅವುಗಳ ವಿಳಾಸ. ವಿಂಡೋಸ್ ಪ್ರತಿ ಖಾತೆಗೂ ಒಂದು ಗುರುತುಸಂಖ್ಯೆ ನೀಡಿ, ಆ ಸಂಖ್ಯೆಗೆ ಯಾವ ಫೋಲ್ಡರ್ ಎಂಬುದನ್ನು ‘ರಿಜಿಸ್ಟ್ರಿ’ಯಲ್ಲಿ ಬರೆದಿಡುತ್ತದೆ. ಈ ಕೊಂಡಿ ಕಡಿದರೆ ತಾತ್ಕಾಲಿಕ ಪ್ರೊಫೈಲ್ ತೆರೆದುಕೊಳ್ಳುತ್ತದೆ. 2020ರ ಫೆಬ್ರವರಿಯ ವಿಂಡೋಸ್ 10 ನವೀಕರಣದ ಅನಂತರ ಹಲವರಿಗೆ ಆದದ್ದು ಇದೇ. ಕಡತಗಳು ಡಿಸ್ಕಿನಲ್ಲೇ ಇದ್ದವು. ಆದರೆ 2018ರ ಅಕ್ಟೋಬರಿನ ನವೀಕರಣದಲ್ಲಿ ಕೆಲವರ ಕಡತಗಳು ನಿಜವಾಗಿಯೇ ಅಳಿಸಿಹೋದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದರ ವಿತರಣೆ ನಿಲ್ಲಿಸಿ, ತಿದ್ದಿ, ನವೆಂಬರಿನಲ್ಲಿ ಮತ್ತೆ ನೀಡಿತು.

ಆಕ್ಷೇಪ ಇರುವುದು ಇಲ್ಲೇ. ಒಂದು ಬರಿಯ ಮರೆ, ಇನ್ನೊಂದು ನಾಶ. ಬಳಕೆದಾರನಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ‘ಈಗ ಹೊರಬರದಿದ್ದರೆ ಹೊಸ ಕಡತಗಳು ಕಳೆದುಹೋಗುತ್ತವೆ’ ಎಂದು ವಿಂಡೋಸ್ ಎಚ್ಚರಿಸುತ್ತದೆ, ಸರಿ. ಹಳೆಯವು ಎಲ್ಲಿವೆ ಎಂಬ ಬಗ್ಗೆ ಆ ಸೂಚನೆಯಲ್ಲಿ ಒಂದು ಮಾತೂ ಇಲ್ಲ. ಗಾಬರಿಗೊಂಡವರು ‘ಫಾರ್ಮ್ಯಾಟ್ ಮಾಡಿಕೊಡಿ’ ಎನ್ನುತ್ತಾರೆ. ಮರೆಯಾಗಿದ್ದದ್ದು ಆಗ ನಿಜವಾಗಿಯೇ ನಾಶವಾಗುತ್ತದೆ.

ಲಿನಕ್ಸ್ ಕೂಡ ಇದಕ್ಕೆ ಹೊರತಲ್ಲ. ಅಲ್ಲಿ ಕಡತದ ಒಡೆತನ ದಾಖಲಾಗುವುದು ಹೆಸರಿನಲ್ಲಲ್ಲ, ಸಂಖ್ಯೆಯಲ್ಲಿ. 2011ರ ಫೆಡೋರಾ 16ರಲ್ಲಿ ಬಳಕೆದಾರರ ಸಂಖ್ಯೆ 500ರ ಬದಲು 1000ದಿಂದ ಆರಂಭವಾಯಿತು. ಹಳೆಯ ‘ಹೋಮ್’ ಉಳಿಸಿಕೊಂಡು ಹೊಸದಾಗಿ ಸ್ಥಾಪಿಸಿದಾಗ, ಅದೇ ಹೆಸರಿನ ಖಾತೆ ತೆರೆದರೂ ಸಂಖ್ಯೆ ಹೊಂದದಿದ್ದರೆ ನಮ್ಮ ಕಡತಗಳೇ ಪರರವು!

ಹಾಗಾದರೆ ಮಾಡಬೇಕಾದದ್ದೇನು? ತಾತ್ಕಾಲಿಕ ಪ್ರೊಫೈಲಿನಲ್ಲಿ ಏನನ್ನೂ ಉಳಿಸಬೇಡಿ. ಹೊರಬಂದು, ಮರುಚಾಲನೆ ಮಾಡಿ ನೋಡಿ. ಸರಿಹೋಗದಿದ್ದರೆ ಆಡಳಿತಗಾರನ ಖಾತೆಯಿಂದ ‘ಸಿ’ ಡ್ರೈವಿನ ‘ಯೂಸರ್ಸ್’ ಫೋಲ್ಡರ್ ತೆರೆದು ಹುಡುಕಿ. ಸಿಕ್ಕ ಕಡತಗಳನ್ನು ಮೊದಲು ಪೆನ್ ಡ್ರೈವಿಗೆ ನಕಲಿಸಿ. ಹೊಸ ಖಾತೆ ತೆರೆಯುವುದು ಆಮೇಲೆ. ಅಲ್ಲಿಯೂ ಸಿಗದಿದ್ದರೆ ಆ ಯಂತ್ರದ ಬಳಕೆ ನಿಲ್ಲಿಸಿ ಪರಿಣತರಿಗೆ ತೋರಿಸಿ. ಅಳಿಸಿದ ಜಾಗದ ಮೇಲೆ ಹೊಸ ಮಾಹಿತಿ ಕುಳಿತರೆ ಹಳೆಯದು ಮರಳದು.

ದೋಷ ತಯಾರಕರದ್ದು ಮಾತ್ರವಲ್ಲ, ನಮ್ಮ ಬೋಧನೆಯದ್ದೂ ಹೌದು. ಚಿತ್ರಿಕೆ ಒತ್ತುವುದನ್ನು ಕಲಿಸುತ್ತೇವೆ. ಕಡತ ಎಲ್ಲಿ ಕುಳಿತಿದೆ ಎಂಬುದನ್ನು ಕಲಿಸುವುದಿಲ್ಲ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಶಾಲೆಯ ಕಂಪ್ಯೂಟರನ್ನು ನವೀಕರಿಸುವ ಮುನ್ನ ಒಂದು ಪ್ರಯೋಗ ಮಾಡಿಸಿ: ಎರಡು ಖಾತೆ ತೆರೆದು, ಒಂದರಲ್ಲಿ ಉಳಿಸಿದ ಕಡತ ಡಿಸ್ಕಿನಲ್ಲಿ ಎಲ್ಲಿದೆ ಎಂದು ವಿದ್ಯಾರ್ಥಿಗಳೇ ಹುಡುಕಲಿ. ವಿಳಾಸ ಬೇರೆ, ಊರು ಬೇರೆ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.