ಸುಮ್ಮನೆ ಕೂರುವ ವಿದ್ಯೆ

1996ರಲ್ಲಿ ಹರ್ಮಾಲಾ ಗುಪ್ತಾ ದೆಹಲಿಯಲ್ಲಿ ಕಟ್ಟಿದ ಕ್ಯಾನ್‌ಸಪೋರ್ಟ್ ಸಂಸ್ಥೆಯ ತಂಡ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗುತ್ತದೆ. ವೈದ್ಯರು, ನರ್ಸ್ ಜೊತೆಗೆ ಆಪ್ತಸಮಾಲೋಚಕರೂ ಇರುತ್ತಾರೆ. ನನಗೆ ಬೆರಗು ಈ ಮೂರನೆಯವರ ಕಸುಬಿನ ಬಗ್ಗೆ, ಅದರಲ್ಲೂ ಚಿಕಿತ್ಸೆ ನಿಲ್ಲಿಸುವ ಮಾತು ಬಂದಾಗ.

ಗುಣವಾಗದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ದಾರಿ ತೆರೆಯಿತು. 2023ರಲ್ಲಿ ನಿಯಮ ಸರಳವಾಯಿತು. ಆದರೆ ‘ಸಹಿ ಹಾಕಿದರೆ ಅಪ್ಪನನ್ನು ನಾನೇ ಕೊಂದ ಹಾಗಲ್ಲವಾ?’ ಎನ್ನುವ ಮಗನಿಗೆ ತೀರ್ಪು ಓದಿ ಹೇಳಿ ಏನು ಬಂತು? ನುರಿತ ಸಮಾಲೋಚಕರು ಮೆಲ್ಲಗೆ ಕೇಳುತ್ತಾರೆ: ‘ಮಾತಾಡುವ ಹಾಗಿದ್ದಿದ್ದರೆ ಅಪ್ಪ ಏನು ಹೇಳುತ್ತಿದ್ದರು?’ ಆಮೇಲೆ ಸುಮ್ಮನಿರುತ್ತಾರೆ. ಅಳು ಬಂದರೂ ಟಿಶ್ಯೂ ಚಾಚುವ ಅವಸರವಿಲ್ಲ. ಅದು ‘ಸಾಕು, ನಿಲ್ಲಿಸಿ’ ಎಂದಂತೆ ಕೇಳೀತು. ಎಂಥ ಸೂಕ್ಷ್ಮ! ಮೂಲೆಯಲ್ಲಿ ಬಾಯಿಬಿಡದೆ ಕೂತ ಸೊಸೆಯನ್ನೂ ಮಾತಿಗೆಳೆಯುತ್ತಾರೆ, ರಾತ್ರಿಯಿಡೀ ಎದ್ದು ನೋಡಿಕೊಂಡವಳು ಅವಳೇ ತಾನೆ. ಯಂತ್ರ ನಿಂತರೂ ನೋವಿನ ಔಷಧ, ಒಣಗಿದ ತುಟಿಗೆ ಒದ್ದೆ ಹತ್ತಿ ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳುತ್ತಾರೆ, ಬೇಕಾದರೆ ಮತ್ತೊಮ್ಮೆ.