ಎಲುಬು ಹೇಳಿದ್ದೆಷ್ಟು, ನಾವು ಹೇಳಿಸಿದ್ದೆಷ್ಟು

ಮೆಡೋಸ್ ಟೇಲರ್ ಬರೆದ ಒಂದು ಚಿತ್ರವನ್ನು ನಾನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ಜೇವರ್ಗಿ ಹತ್ತಿರದ ಒಂದು ಕಲ್ಲುಗುಪ್ಪೆ. ಕಲ್ಲಂಗಡಿಯನ್ನು ಹೋಳು ಮಾಡಿ ಇಟ್ಟಂತೆ ಗುಪ್ಪೆಯ ಒಡಲು ತೆರೆದುಕೊಂಡಿದೆ. ಮೇಲೆ ಪೇರಿಸಿದ ಕಲ್ಲು, ಅದರಡಿ ಮಣ್ಣು, ಮಣ್ಣಿನೊಳಗೆ ಮನುಷ್ಯರ ಎಲುಬು, ಎಲ್ಲಕ್ಕೂ ಕೆಳಗೆ ಚಪ್ಪಡಿಗಳಿಂದ ಕಟ್ಟಿದ ಪೆಟ್ಟಿಗೆ. ಯಾವುದು ಯಾವುದರ ಮೇಲೆ, ಯಾವುದು ಯಾವುದರ ಪಕ್ಕದಲ್ಲಿ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸುರಪುರದ ಸುತ್ತಲಿನ ನಮ್ಮ ಸಗರನಾಡಿನ ಮಣ್ಣನ್ನು ಓದುವ ಕೆಲಸ ಶುರುವಾದದ್ದು ಈ ಬಗೆಯ ಚಿತ್ರಗಳಿಂದ. ಆ ಓದಿನ ದೊಡ್ಡ ತಪ್ಪು ಶುರುವಾದದ್ದೂ ಇಲ್ಲಿಂದಲೇ.

ಟೇಲರ್ 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಅಧಿಕಾರಿ. ಸುರಪುರದವರಿಗೆ ಆತ ಗೊತ್ತಿರುವುದು ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಿಂದ, ರಾಜಾ ವೆಂಕಟಪ್ಪ ನಾಯಕನ ಬಾಲ್ಯದ ಕಥೆಗಳಿಂದ. ದಫ್ತರದ ಕೆಲಸದ ನಡುವೆಯೇ ಆತ ರಾಜನಕೋಳೂರಿನ ಕಲ್ಮನೆಗಳನ್ನು, ಶಹಾಪುರ ಬಳಿಯ ವಿಭೂತಿಹಳ್ಳಿಯ ಕಲ್ಲಿನ ಸಾಲುಗಳನ್ನು, ಭೀಮಾ ದಂಡೆಯ ಗುಪ್ಪೆಗಳನ್ನು ನೋಡಿದ, ಅಳೆದ, ಕೆಲವನ್ನು ಅಗೆಸಿದ. ಅವನ ಲೇಖನಗಳು 1850ರ ದಶಕದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲೂ ಮುಂದಿನ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲೂ ಬಂದವು. ಗೋರಿ ಅಗೆಯುವುದೆಂದರೆ ಒಳಗಿನ ಸಾಮಾನು ಎತ್ತಿಕೊಂಡು ಮಣ್ಣು ಚೆಲ್ಲುವುದು ಎಂದು ಯುರೋಪಿನಲ್ಲೂ ಬಹಳ ಮಂದಿ ತಿಳಿದಿದ್ದ ಕಾಲವದು. ನೂರು ವರ್ಷದ ಮೇಲೆ, 1954ರಲ್ಲಿ, ಅಗೆತದ ಶಿಸ್ತಿಗೇ ಹೆಸರಾದ ಮಾರ್ಟಿಮರ್ ವೀಲರ್ ತಮ್ಮ ಪುಸ್ತಕದಲ್ಲಿ ಟೇಲರನ ಈ ಚಿತ್ರಗಳನ್ನು ಮೆಚ್ಚಿ ಬರೆದರು. ಆ ಮೆಚ್ಚುಗೆ ನ್ಯಾಯವಾದದ್ದು.

ಆದರೆ ಚಿತ್ರದ ಕೆಳಗೆ ಟೇಲರ್ ಕೊಟ್ಟ ತೀರ್ಪು ಬೇರೆ ಮಾತು. ಜೇವರ್ಗಿಯ ಗುಪ್ಪೆಗಳಲ್ಲಿ ಕೆಲವು ಅಸ್ಥಿಪಂಜರಗಳು ಓರಣವಿಲ್ಲದೆ ಬಿದ್ದಿದ್ದವು, ಕೆಲವಕ್ಕೆ ರುಂಡ ಬೇರೆ, ಮುಂಡ ಬೇರೆ. ಇದು ನರಬಲಿ, ಪೆಟ್ಟಿಗೆಯೊಳಗೆ ಮಲಗಿದ ದೊಡ್ಡವರ ಜೊತೆಗೆ ಕಡಿದು ಹಾಕಿದ ಆಳುಗಳು ಎಂದು ಆತ ನಿರ್ಣಯಿಸಿದ. ಒಂದು ಲೇಖನದ ತಲೆಬರಹದಲ್ಲೇ ಸೆಲ್ಟಿಕ್, ಡ್ರೂಯಿಡ್, ಸಿಥಿಯನ್ ಎಂಬ ಹೆಸರುಗಳಿವೆ. ಬ್ರಿಟನ್ನಿನಲ್ಲಿ ಇಂಥವೇ ಕಲ್ಲುಗಳಿವೆ, ಅಲ್ಲಿ ಡ್ರೂಯಿಡರು ನರಬಲಿ ಕೊಡುತ್ತಿದ್ದರೆಂದು ರೋಮನ್ನರು ಬರೆದಿದ್ದಾರೆ, ಆದ್ದರಿಂದ ಭೀಮಾ ದಂಡೆಯಲ್ಲೂ ಅದೇ. ಅವನ ವಾದದ ಬೆನ್ನೆಲುಬು ಇಷ್ಟೇ. 1839ರಲ್ಲಿ ಥಗ್ಗರ ಕೊಲೆಗಳ ಬಗ್ಗೆ ಕಾದಂಬರಿ ಬರೆದು ಹೆಸರು ಮಾಡಿದ ಲೇಖಕ ಈತ ಎಂಬುದನ್ನೂ ನೆನಪಿಡಬೇಕು. ಬೇಕೆಂದೇ ಸುಳ್ಳು ಹೇಳುವ ಮನುಷ್ಯನಲ್ಲ, ಈ ನೆಲವನ್ನು ಪ್ರೀತಿಸಿದವನು. ಆದರೂ ಎಲುಬುಗಳು ಬಾಯಿ ಬಿಡುವ ಮುಂಚೆಯೇ ಅವುಗಳ ಕಥೆ ಅವನ ತಲೆಯಲ್ಲಿ ಸಿದ್ಧವಾಗಿತ್ತು.

ನಮ್ಮ ಕಡೆ ಮಣ್ಣಿಗೆ ಹೋದವರೆಲ್ಲ ಕಂಡ ಒಂದು ದೃಶ್ಯವನ್ನು ಇಲ್ಲಿ ಹೇಳಬೇಕು. ಲಿಂಗಾಯತರಲ್ಲಿ ಕುಣಿ ತೋಡಿ, ಅದರ ಒಂದು ಮಗ್ಗುಲಿಗೆ ಗೂಡು ಕೊರೆದು, ತೀರಿಕೊಂಡವರನ್ನು ಕಾಲು ಮಡಚಿ ಕೂಡ್ರಿಸುತ್ತಾರೆ. ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಪತ್ರಿ. ಮನೆಯವರು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿ ಬರುತ್ತಾರೆ. ಮುಂದೆ ಆ ಕತ್ತಲಲ್ಲಿ ಏನಾಗುತ್ತದೆ? ಮಾಂಸ ಕರಗಿ ಹೋದ ಮೇಲೆ ಕತ್ತಿನ ನರಗಳು ಸಡಿಲುತ್ತವೆ. ಗೂಡಿನೊಳಗೆ ಮಣ್ಣು ತುಂಬದೆ ಪೊಳ್ಳು ಉಳಿದಿದ್ದರೆ ಕೂತ ದೇಹದ ತಲೆ ತಾನಾಗಿ ಕಳಚಿ ಮಡಿಲಿಗೆ ಬೀಳುತ್ತದೆ, ಇಲ್ಲವೇ ಕಾಲ ಬುಡಕ್ಕೆ ಉರುಳುತ್ತದೆ. ದವಡೆ ಒಂದು ಕಡೆ, ಬುರುಡೆ ಒಂದು ಕಡೆ. ಸಾವಿರ ವರ್ಷದ ಮೇಲೆ ನಮ್ಮ ಪದ್ಧತಿ ಏನೂ ತಿಳಿಯದವನೊಬ್ಬ ಅದನ್ನು ಅಗೆದರೆ, ತಲೆ ಕಡಿದು ಮಡಿಲಲ್ಲಿಟ್ಟಿದ್ದಾರೆ ಎಂದು ಬರೆಯಬಹುದು. ಕಣ್ಣೀರಿಟ್ಟು ಮಣ್ಣು ಮಾಡಿದ ಹಿರಿಯರು ಅವನ ಪುಸ್ತಕದಲ್ಲಿ ಬಲಿಪಶುಗಳಾಗುತ್ತಾರೆ.

ಜೇವರ್ಗಿಯಲ್ಲಿ ಆದದ್ದು ಇದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಜನ ಲಿಂಗಾಯತರಿಗಿಂತ ಸಾವಿರಾರು ವರ್ಷ ಹಿಂದಿನವರು, ಅವರ ರೀತಿ ಬೇರೆ. ರುಂಡ ಮುಂಡ ಬೇರೆಯಾಗುವುದಕ್ಕೆ ಕತ್ತಿಯೊಂದೇ ಕಾರಣವಲ್ಲ ಎಂಬುದಷ್ಟೇ ನನ್ನ ಮಾತು. ಈಗ ಎಲುಬು ಓದುವವರು ಮೊದಲು ಕೇಳುವುದೇ ಇದನ್ನು. ಕೀಲುಗಳಲ್ಲಿ ಯಾವುದು ಬೇಗ ಬಿಡುತ್ತದೆ, ಯಾವುದು ತಡವಾಗಿ? ಕೈ ಬೆರಳಿನ ಸಣ್ಣ ಎಲುಬುಗಳು, ಕತ್ತು ಬೇಗ. ಸೊಂಟ, ಮೊಣಕಾಲು ತಡವಾಗಿ. ಬೆರಳಿನ ಎಲುಬುಗಳೂ ತಮ್ಮ ಜಾಗದಲ್ಲೇ ಇದ್ದರೆ ದೇಹ ಹಸಿಯಾಗಿದ್ದಾಗಲೇ ಹೂತದ್ದು. ಉದ್ದನೆಯ ಎಲುಬು ಮತ್ತು ಬುರುಡೆ ಮಾತ್ರ ಇದ್ದು ಸಣ್ಣವು ಕಾಣದಿದ್ದರೆ, ಬೇರೆಲ್ಲೋ ಬಿಟ್ಟು, ಆಮೇಲೆ ಆರಿಸಿ ತಂದು ಇಟ್ಟಿರಬಹುದು. ದಕ್ಷಿಣದ ಬೃಹತ್ ಶಿಲಾ ಸಮಾಧಿಗಳಲ್ಲಿ ಈ ಎರಡನೆಯ ಬಗೆ ಬಹಳ ಸಾಮಾನ್ಯ. ನಿಜಕ್ಕೂ ಕಡಿದಿದ್ದರೆ ಕತ್ತಿನ ಎಲುಬಿನ ಮೇಲೆ ಅಲಗಿನ ನುಣುಪಾದ ಗೆರೆ ಉಳಿಯುತ್ತದೆ; ಒಣಗಿದ ಎಲುಬು ಆಮೇಲೆ ಮುರಿದರೆ ಅದರ ಅಂಚೇ ಬೇರೆ. ಇವನ್ನೆಲ್ಲ ಕೇಳುವ ರೂಢಿ ಟೇಲರನ ಕಾಲಕ್ಕೆ ಹುಟ್ಟಿರಲಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಇಂದು ನಾವು ಟೇಲರನ ಜೊತೆ ಜಗಳ ತೆಗೆಯುತ್ತಿರುವುದು ಟೇಲರನದೇ ಚಿತ್ರ ಹಿಡಿದುಕೊಂಡು. ತಲೆ ಎಲ್ಲಿತ್ತು, ಮೈ ಎಲ್ಲಿತ್ತು ಎಂದು ಆತ ಗುರುತಿಸದೆ ಹೋಗಿದ್ದರೆ ನರಬಲಿ ಎಂಬ ಮಾತೊಂದೇ ಉಳಿಯುತ್ತಿತ್ತು, ಅದನ್ನು ಪ್ರಶ್ನಿಸಲು ಆಧಾರವಿರುತ್ತಿರಲಿಲ್ಲ.

ರಾಜನಕೋಳೂರಿನ ಕಲ್ಮನೆಗಳನ್ನು ನಮ್ಮವರು ಮೋರೇರ ಮನೆ ಅನ್ನುತ್ತಾರೆ. ಮೋರೇರೆಂದರೆ ಗೇಣುದ್ದದ ಗಿಡ್ಡ ಜನ, ಆದರೆ ಚಪ್ಪಡಿ ಎತ್ತುವಷ್ಟು ಶಕ್ತಿವಂತರು ಎಂಬ ಕಥೆ ಕರ್ನಾಟಕದ ಬಹಳ ಕಡೆ ಇದೆ. ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಂಡಿ ನೋಡಿದವರಿಗೆ ಇದು ಗಿಡ್ಡರ ಬಾಗಿಲೆಂದೇ ತೋರಬೇಕು. ಮುಚ್ಚಿದ ಮನೆಗಳೊಳಗೆ ಟೇಲರನಿಗೆ ಸಿಕ್ಕದ್ದು ಬೂದಿ, ಇದ್ದಿಲು, ಎಲುಬಿನ ಚೂರು, ಮಡಕೆ ಚೂರು. ಇವು ಬದುಕಿದವರ ಮನೆಯಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಇಂಥ ಕಲ್ಕೋಣೆಗಳನ್ನು ಒಂದೊಂದಾಗಿ ಅಳೆದು, ಅವುಗಳ ಕಟ್ಟಡದ ಬಗೆಗಳನ್ನು ವಿಂಗಡಿಸಿ 1975ರಲ್ಲಿ ಗ್ರಂಥ ಹೊರತಂದವರು ಧಾರವಾಡದ ಅ. ಸುಂದರ. ಕಂಡಿ ಯಾವ ದಿಕ್ಕಿಗೆ, ಕೋಣೆಗೆ ಓಣಿಯಂಥ ದಾರಿ ಇದೆಯೇ, ಚಪ್ಪಡಿಗಳು ಒಂದಕ್ಕೊಂದು ಹೇಗೆ ಒರಗಿವೆ ಎಂದು ಅವರು ನೋಡಿದರು. ಡ್ರೂಯಿಡರ ಹಂಗಿಲ್ಲದೆ ಕಲ್ಲನ್ನು ಕಲ್ಲಿನಿಂದಲೇ ಓದುವ ಈ ತಾಳ್ಮೆಗೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲವೆಂದು ನನ್ನ ಭಾವನೆ.

ಬುರುಡೆ ಅಳೆದು ಜನಾಂಗ ಹೇಳುವ ಒಂದು ಕಾಲವೂ ಬಂದು ಹೋಯಿತು. ಬ್ರಹ್ಮಗಿರಿ, ಮಸ್ಕಿಗಳ ಅಗೆತದಲ್ಲಿ ಸಿಕ್ಕ ಎಲುಬುಗಳೂ ಆ ಅಳತೆಗೋಲಿಗೆ ಸಿಕ್ಕವು. ದಕ್ಷಿಣದ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದವರು ಎಲ್ಲಿಂದಲೋ ಬಂದ ಒಂದೇ ಜನಾಂಗ ಎಂಬ ನಂಬಿಕೆಯನ್ನು ಅಮೆರಿಕದ ಮಾನವಶಾಸ್ತ್ರಜ್ಞ ಕೆನೆತ್ ಕೆನೆಡಿ ಎಲುಬುಗಳನ್ನೇ ಮುಂದಿಟ್ಟು ತಳ್ಳಿಹಾಕಿದರು. ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವ ಅಗತ್ಯವಿಲ್ಲ.

ನಿಲ್ಲಬೇಕಾದದ್ದು ಬೂದಿಹಾಳದಲ್ಲಿ. ಸುರಪುರ ಸೀಮೆಯ ಈ ಊರಿನ ಹೆಸರೇ ಬೂದಿಯನ್ನು ಹೇಳುತ್ತದೆ. ಸುಮಾರು 4 ಸಾವಿರ ವರ್ಷದ ಹಿಂದಿನ ಬೂದಿದಿಬ್ಬ ಅಲ್ಲಿದೆ. ಕೃಷ್ಣಾ, ತುಂಗಭದ್ರಾ ಬಯಲುಗಳಲ್ಲಿ ಇಂಥ ದಿಬ್ಬಗಳು ಬಹಳ ಇವೆ. ರಾಕ್ಷಸರನ್ನು ಸುಟ್ಟ ಬೂದಿ, ಹಂಪಿಯ ಹತ್ತಿರವಾದರೆ ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬಿದ್ದರು. ಇದು ದನದ ಹೆಂಡಿ ಸುಟ್ಟ ಬೂದಿಯಿರಬೇಕೆಂದು 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಊಹಿಸಿದ. 1957ರಲ್ಲಿ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆದಾಗ ದನಗಳ ಗೊರಸಿನ ಗುರುತುಗಳೇ ಮೂಡಿ ನಿಂತಿದ್ದವು. ಅಲ್ಲಿಗೆ ಊಹೆಗೆ ಸಾಕ್ಷಿ ಸಿಕ್ಕಿತು. ಪುರಾತತ್ವದಲ್ಲಿ ನನಗೆ ಬಹಳ ಇಷ್ಟವಾದ ಕ್ಷಣಗಳಲ್ಲಿ ಇದೂ ಒಂದು. ಸಾವಿರಾರು ವರ್ಷದ ಹಿಂದೆ ಹಸಿ ನೆಲದ ಮೇಲೆ ಕಾಲಿಟ್ಟ ದನ, ಅದರ ಹೆಜ್ಜೆ.

ಆದರೆ ಹೆಂಡಿಯನ್ನು ಯಾಕೆ ಸುಟ್ಟರು? ಆಲ್ಚಿನ್ ಅದನ್ನು ಕಿಚ್ಚು ಹಾಯಿಸುವ ಇಂದಿನ ಹಬ್ಬಗಳಿಗೆ ಜೋಡಿಸಿದರು. ಮನಸ್ಸು ಸೆಳೆಯುವ ಮಾತು, ಆದರೆ ನಡುವೆ 4 ಸಾವಿರ ವರ್ಷಗಳ ಕಂದರವಿದೆ. ನಮ್ಮ ಸಗರದಲ್ಲೇ ದನಕ್ಕೆ ಕಿಚ್ಚು ಹಾಯಿಸುವ ಪದ್ಧತಿ ಇಲ್ಲ. ಕಾರಹುಣ್ಣಿಮೆಗೆ ಎತ್ತು ಸಿಂಗರಿಸಿ ಕರಿ ಹರಿಯುತ್ತೇವೆ. ಯಾವ ಹಬ್ಬವನ್ನು ಹಿಡಿದು ಯಾವ ಬೂದಿಯನ್ನು ಓದಬೇಕು?

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಿಂದ ಸುರಪುರ ದೋಆಬಿನಲ್ಲಿ ಊರೂರು ತಿರುಗಿದವರು. 1990ರ ದಶಕದಲ್ಲಿ ಬೂದಿಹಾಳವನ್ನು ಅಗೆದಾಗ ಅವರು ದಿಬ್ಬವನ್ನಷ್ಟೇ ಕೊರೆಯಲಿಲ್ಲ, ಅದರ ಸುತ್ತಲೂ ಅಗಲವಾಗಿ ತೆರೆದರು. ದನದ ದೊಡ್ಡಿ, ಪಕ್ಕದಲ್ಲೇ ಮನೆಗಳ ನೆಲ, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ಪ್ರಾಣಿಗಳನ್ನು ಕೊಯ್ದು ಹಂಚಿಕೊಂಡ ನೆಲ, ಮಡಕೆಯಲ್ಲಿಟ್ಟು ಹೂತ ಮಕ್ಕಳು. ಇವೆಲ್ಲ ಒಟ್ಟಿಗೆ ಕಂಡ ಮೇಲೆ ಬೂದಿದಿಬ್ಬ ಕಾಡಿನ ಒಂಟಿ ದೊಡ್ಡಿಯಾಗಿ ಉಳಿಯಲಿಲ್ಲ, ಊರಾಯಿತು. ಬೂದಿ ಬಿಟ್ಟು ಬೂದಿಯ ಪಕ್ಕಕ್ಕೆ ಅಗೆದದ್ದೇ ಇಲ್ಲಿನ ದೊಡ್ಡ ಹೆಜ್ಜೆ. ಪೀಟರ್ ಜೋಹಾನ್ಸೆನ್, ನಿಕೋಲ್ ಬೋವಿನ್ ಮುಂತಾದ ಸಂಶೋಧಕರು ಮುಂದೆ ಈ ದಿಬ್ಬಗಳನ್ನು ಆಚರಣೆಯ ಸ್ಮಾರಕಗಳೆಂದು ಓದಿದರು: ತಿಪ್ಪೆ ಸುಟ್ಟರೆ ಸಾಕಿತ್ತು, ಇಷ್ಟೆತ್ತರ ಬೆಳೆಸಿದ್ದು ಯಾಕೆ? ಪ್ರಶ್ನೆ ಸರಿಯಾದದ್ದೇ. ಆದರೂ ನನ್ನ ಒಲವು ಪದ್ದಯ್ಯನವರ ಕಡೆಗಿದೆ, ಯಾಕೆಂದರೆ ಅವರ ಊರಿನಲ್ಲಿ ಜನ ಉಣ್ಣುತ್ತಾರೆ, ದನ ಕಟ್ಟುತ್ತಾರೆ, ಕೂಸು ಕಳೆದುಕೊಳ್ಳುತ್ತಾರೆ. ಪೂಜೆ ಅಂಥ ಬದುಕಿನೊಳಗೇ ಇರಬಹುದು, ಅದನ್ನು ಬೇರೆ ತೆಗೆದಿಡಬೇಕಿಲ್ಲ.

ಮಡಕೆಯಲ್ಲಿಟ್ಟು ಹೂತ ಆ ಮಕ್ಕಳ ಬಗ್ಗೆ ಇನ್ನೊಂದು ಮಾತು. ಹಲ್ಲು ಎಷ್ಟು ಮೂಡಿದೆ, ಉದ್ದೆಲುಬಿನ ತುದಿ ಕೂಡಿದೆಯೇ ಎಂಬುದರಿಂದ ಮಗುವಿನ ವಯಸ್ಸು ತಿಳಿಯುತ್ತದೆ. ಗಂಡೋ ಹೆಣ್ಣೋ ಎಂಬುದು ಅಷ್ಟು ಸಣ್ಣ ಎಲುಬಿನ ಆಕಾರದಿಂದ ತಿಳಿಯುವುದಿಲ್ಲ. ಮಡಕೆ ಗರ್ಭದ ಸಂಕೇತ, ಮಗು ಮರಳಿ ತಾಯಿ ಹೊಟ್ಟೆಗೆ ಹೋಯಿತು ಎಂದು ಬರೆಯುವವರಿದ್ದಾರೆ. ಓದಲು ಎದೆ ತುಂಬುತ್ತದೆ. ನಮ್ಮಲ್ಲೂ ಸುಡುವ ಪದ್ಧತಿಯವರು ಹಸುಗೂಸನ್ನು ಸುಡದೆ ಹೂಳುತ್ತಾರೆ. ಯಾಕೆಂದು ಕೇಳಿದರೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ಬದುಕಿರುವವರನ್ನೇ ಕೇಳಿ ಒಂದು ಉತ್ತರ ಸಿಗದಿದ್ದಾಗ, ಮಡಕೆಯಿಂದ ಒಂದೇ ಉತ್ತರ ತೆಗೆಯುವುದು ದುಡುಕು.

ಹುಣಸಗಿ ಕಣಿವೆಗೆ ಬಂದರೆ ಎಲುಬಿನ ಆಸರೆಯೂ ತಪ್ಪುತ್ತದೆ. ಇಲ್ಲಿ ಹಳೆ ಶಿಲಾಯುಗದ ನೂರಾರು ನೆಲೆಗಳಿವೆ, ಮನುಷ್ಯನದೆನ್ನಬಹುದಾದ ಒಂದು ಎಲುಬೂ ಇಲ್ಲ. ಇಸಾಂಪುರದಲ್ಲಿ ನೀರಾವರಿ ಕಾಮಗಾರಿಗೆ ಕರಿಮಣ್ಣು ತೆಗೆದಾಗ ಕೆಳಗಿನ ಸುಣ್ಣಕಲ್ಲಿನ ಪದರ ಬಯಲಾಯಿತು. 1983ರಲ್ಲಿ ಪದ್ದಯ್ಯ ಅದನ್ನು ಗುರುತಿಸಿದರು, 1997ರಿಂದ ಕೆಲವು ವರ್ಷ ಅಗೆದರು. ಅದೊಂದು ಕಲ್ಲುಗಣಿ. ಪರಸಿಯಂತೆ ಪದರ ಪದರ ಎದ್ದ ಚಪ್ಪಡಿಗಳಲ್ಲಿ ಬೇಕಾದಷ್ಟು ದಪ್ಪದ್ದನ್ನು ಆರಿಸಿ, ಬೇರೆ ಜಾತಿಯ ಗಟ್ಟಿ ಉಂಡೆಗಲ್ಲಿನಿಂದ ಏಟು ಹಾಕಿ ಕೈಗೊಡಲಿ ಮಾಡಿದ್ದಾರೆ. ಸಿಡಿದ ಚಕ್ಕೆಗಳು ಬಿದ್ದಲ್ಲೇ ಬಿದ್ದಿವೆ. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳಿಂದ ತೆಗೆದ ಕಾಲ ಸುಮಾರು 12 ಲಕ್ಷ ವರ್ಷ. ಶಹಾಬಾದ ಕಲ್ಲಿನ ಸೀಮೆಯ ನಮಗೆ ಒಂದು ಏಟಿಗೆ ಚಪ್ಪಡಿ ಹೇಗೆ ಸೀಳುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆ ಚಕ್ಕೆಯೊಂದನ್ನು ನೋಡಿದಾಗ, ಮನುಷ್ಯರೆಂದು ಪೂರ್ತಿ ಕರೆಯಲು ಬಾರದ ಆ ಜೀವಿಗಳ ಮಣಿಕಟ್ಟಿನ ತಿರುವು ಕಂಡಂತಾಗುತ್ತದೆ.

ಇಲ್ಲಿ ಪದ್ದಯ್ಯನವರ ವಿಧಾನ ಕೆಚ್ಚಿನದು. ಬೇಸಿಗೆಯಲ್ಲಿ ಯಾವ ಊಟೆ ಬತ್ತುವುದಿಲ್ಲ, ಮಳೆಗಾಲದಲ್ಲಿ ಯಾವ ಕಾಡುಹಣ್ಣು, ಯಾವ ಗೆಡ್ಡೆ ಸಿಗುತ್ತದೆ ಎಂದು ಹಳ್ಳಿಯವರನ್ನು ಕೇಳಿ ಪಟ್ಟಿ ಮಾಡಿದರು. ಬೇಸಿಗೆಯಲ್ಲಿ ಬತ್ತದ ನೀರಿನ ಸುತ್ತ ಕೂಡುವುದು, ಮಳೆ ಬಿದ್ದ ಮೇಲೆ ಸಣ್ಣ ಗುಂಪುಗಳಾಗಿ ಚದುರುವುದು, ಇದು ಆ ಕಾಲದವರ ವರ್ಷಚಕ್ರ ಎಂದರು. ನೆಲೆಗಳ ಹರವು ಇದನ್ನು ಒಪ್ಪುವಂತಿದೆ. ನಮ್ಮ ಕುರಿಗಾರರ ತಿಳಿವಳಿಕೆಗೆ ಪುರಾತತ್ವದಲ್ಲಿ ಸ್ಥಾನ ಕೊಟ್ಟದ್ದು ದೊಡ್ಡ ಮಾತು. ಆದರೆ 12 ಲಕ್ಷ ವರ್ಷದಲ್ಲಿ ಮಳೆಯೂ ಮರವೂ ಎಷ್ಟು ಸಲ ಬದಲಾಗಿವೆ! ಇಂದಿನ ಊಟೆ ಅಂದೂ ಅಲ್ಲೇ ಇತ್ತೇ ಎಂಬುದಕ್ಕೆ ಭೂವಿಜ್ಞಾನ ಸಾಕ್ಷಿ ಹೇಳಬಲ್ಲದು. ಇಂದಿನ ಹಣ್ಣು ಅಂದೂ ಇತ್ತೇ ಎಂಬುದಕ್ಕೆ ಸಾಕ್ಷಿ ಬಡವಾಗಿದೆ. ನೀರಿನ ಅರ್ಧವನ್ನು ನಾನು ಒಪ್ಪುತ್ತೇನೆ, ಊಟದ ಅರ್ಧವನ್ನು ಕಾಯ್ದಿಡುತ್ತೇನೆ. ಹುಣಸಗಿಯ ಹೈಸ್ಕೂಲಿನ ಮಕ್ಕಳು ಓದಿ ಇದನ್ನೇ ವಾದ ಮಾಡಬೇಕಿತ್ತು. ಆದರೆ ಮುಖ್ಯ ವರದಿಗಳೆಲ್ಲ ಇಂಗ್ಲಿಷಿನಲ್ಲಿವೆ, ಹಳ್ಳಿಯವರನ್ನು ಕೇಳಿ ತಿಳಿದುಕೊಂಡದ್ದು ಕನ್ನಡದಲ್ಲಿ.

ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸೀಮೆಗೆ ಭತ್ತ ಬಂತು, ಹಣ ಬಂತು, ಹೊಲ ಮಟ್ಟ ಮಾಡುವ ಯಂತ್ರಗಳೂ ಬಂದವು. ಬಡ ರೈತ ಮಟ್ಟ ಮಾಡಿದ್ದನ್ನು ತಪ್ಪೆನ್ನಲಾರೆ. ಆದರೆ ಯಂತ್ರದ ಒಂದು ಬಾಚಿಗೆ ಎಲುಬೂ ಮಡಕೆಯೂ ಬೂದಿಯೂ ಕಲಸಿ ಹೋದರೆ, ಆಮೇಲೆ ಸಿಕ್ಕ ಬುರುಡೆಗೆ ಬಾಯಿಲ್ಲ. ಎಲ್ಲಿತ್ತು, ಯಾವುದರ ಕೆಳಗಿತ್ತು ಎಂಬುದು ಹೋದ ಮೇಲೆ ವಯಸ್ಸು ಹೇಳಬಹುದು, ರೋಗ ಹೇಳಬಹುದು. ಯಾರ ಪಕ್ಕ ಯಾರನ್ನು ಮಲಗಿಸಿದ್ದರು ಎಂಬುದು ಮತ್ತೆ ಸಿಗುವುದಿಲ್ಲ.

ವಿಭೂತಿಹಳ್ಳಿಯ ಬಯಲಿನಲ್ಲಿ ಕಲ್ಲುಗಳು ಸಾಲು ಸಾಲಾಗಿ, ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ಹಿಡಿದು ಇಟ್ಟಂತಿವೆ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೆ ಈ ಸಾಲುಗಳು ಹೊಂದುತ್ತವೆಯೇ ಎಂದು ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅಲ್ಲಿ ನಿಂತು ನೋಡಿದ್ದಾರೆ. ಆ ಲೆಕ್ಕಕ್ಕೆ ಪ್ರತಿ ಕಲ್ಲೂ ತನ್ನ ಜಾಗದಲ್ಲಿರಬೇಕು. ಸಾಲಿನ ನಡುವೆ ಅಲ್ಲಲ್ಲಿ ಖಾಲಿ ಜಾಗಗಳಿವೆ. ಟೇಲರ್ ಬರೆದಿಟ್ಟ ವಿವರವನ್ನು ಕೈಯಲ್ಲಿ ಹಿಡಿದು ನಿಂತರೆ ಮಾತ್ರ, ಅಲ್ಲಿ ಮೊದಲಿಂದಲೂ ಕಲ್ಲಿರಲಿಲ್ಲವೋ, ಆಮೇಲೆ ಯಾರೋ ಕಿತ್ತರೋ ಎಂದು ಕೇಳಲಾದರೂ ಆಗುತ್ತದೆ.